ಹೊಸಬರ ಪಟ್ಟಿ

ನಾನು ಡಿಗ್ರಿ ಪಾಸು ಮಾಡುವುದು ಆಗುವ ಹೋಗುವ ಸಂಗತಿಯಲ್ಲ ಎಂದು ಹೇಳಿದವರು ವಾಲ್ಟರ್ ಬಾಪ್ಪು, ಅಂದರೆ ನನ್ನ ತಂದೆಯ ಸ್ವಂತ ತಮ್ಮ. ಹೇಳಿದ್ದು ದುಬೈಯ ಕರಾಮದಲ್ಲಿದ್ದ ನಮ್ಮ ಮನೆಯಲ್ಲಿ, ನಾನು ಮಲಗುವ ಸೋಫಾದ ಮೇಲೆ ಕೂತು, ನನ್ನ ತಾಯಿ ಮಾಡಿದ ಕೋಳಿ ಪದಾರ್ಥ ಉಣ್ಣುತ್ತ. ಕೋಪದಲ್ಲಿ ಹೇಳಿದ್ದಲ್ಲ. ಕೋಪದಲ್ಲಿ ಹೇಳಿದ್ದರೆ ಎಂದೋ ಮರೆತುಬಿಡುತ್ತಿದ್ದೆ. ಹೊಸ ಫುಟ್‌ಬಾಲ್ ಆಟಗಾರನೊಬ್ಬನ ಬಗ್ಗೆ ‘ಇವನ ಎಡಗಾಲು ಲಗಾಡಿ’ ಎಂದು ಹೇಳುವಾಗಿನ ಅದೇ ಸ್ವರದಲ್ಲಿ, ತಟ್ಟೆಯಿಂದ ಮುಖ ಎತ್ತದೆ, ಎಲುಬನ್ನು ಬದಿಗೆ ಸರಿಸುತ್ತ ಹೇಳಿದರು. ಅಲ್ಲಿದ್ದ ಏಳೆಂಟು ಗಂಡಸರು ನಕ್ಕರು. ನಕ್ಕವರಲ್ಲಿ ನನ್ನ ಪಪ್ಪನೂ ಇದ್ದರು. ಆಗ ನನಗೆ ಹದಿಮೂರು ವರ್ಷ. ಈಗ ಮೂವತ್ತು ದಾಟಿದ್ದೇನೆ. ಹೆಸರಿನ ಮುಂದೆ ಬಿ.ಕಾಂ. ಎಂದು ಬರೆದುಕೊಳ್ಳುತ್ತೇನೆ, ಕೇಳದವರಿಗೂ ಹೇಳುತ್ತೇನೆ, ಅದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ. ಸಿಟ್ಟು ಮಾತ್ರ ಇಳಿದಿಲ್ಲ. ಇಳಿಯಬೇಕು ಎಂದು ಪಾದ್ರಿಗಳು ಹೇಳುತ್ತಾರೆ. ಅವರು ಆ ಸೋಫಾದಲ್ಲಿ ಮಲಗಿದವರಲ್ಲ.

ನಮ್ಮ ಮನೆ ಎಂದರೆ ಒಂದು ಹಾಲ್, ಒಂದು ಅಡುಗೆಕೋಣೆ, ಒಂದು ಸಣ್ಣ ಬಾತ್‌ರೂಮ್. ಫ್ಲಾಟಿನಲ್ಲಿ ಬೆಡ್‌ರೂಮ್ ಕೂಡ ಇತ್ತು, ಅದಕ್ಕೆ ಅಂಟಿಕೊಂಡ ಬಾತ್‌ರೂಮೂ ಇತ್ತು. ಅವೆರಡನ್ನೂ ಒಬ್ಬ ನರ್ಸ್ ಮತ್ತು ಅವಳ ಗಂಡನಿಗೆ ಬಾಡಿಗೆಗೆ ಕೊಟ್ಟಿದ್ದೆವು. ಹಾಗೆ ಕೊಡದೆ ಕರಾಮದಲ್ಲಿ ಉಳಿಯಲು ಆಗುತ್ತಿರಲಿಲ್ಲ. ಫ್ಲಾಟಿನ ಕರಾರು ಪತ್ರ ಇದ್ದದ್ದು ವಾಲ್ಟರ್ ಬಾಪ್ಪುವಿನ ಹೆಸರಿನಲ್ಲಿ. ಪಪ್ಪನಿಗೆ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಕೊಡಿಸಿದವರು ಅವರು, ವೀಸಾ ಮಾಡಿಸಿದವರು ಅವರು, ಮಮ್ಮಿಗೆ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ ಹುಡುಕಿಕೊಟ್ಟವರೂ ಅವರೇ. ಅವರು ಒಂದು ಕಂಪನಿಯ ವೀಸಾ ಕಾಗದಗಳನ್ನು ಹಿಡಿದು ಸರಕಾರಿ ಕಚೇರಿಗಳಿಗೆ ಓಡಾಡುವ ಉದ್ಯೋಗದಲ್ಲಿದ್ದರು. ಅರಬ್ಬಿ ಮಾತಾಡುತ್ತಿದ್ದರು. ಅಣ್ಣನಿಗಿಂತ ನಾಲ್ಕು ವರ್ಷ ಚಿಕ್ಕವರು. ಆದರೆ ಅವರು ಮನೆಯ ಒಳಗೆ ಬಂದರೆ ಪಪ್ಪ ಕುರ್ಚಿಯಿಂದ ಏಳುತ್ತಿದ್ದರು. ತಮ್ಮ ಬಂದಾಗ ಅಣ್ಣ ಏಳುವುದನ್ನು ನೋಡುತ್ತ ನಾನು ಬೆಳೆದೆ. ಮಕ್ಕಳಿಗೆ ಇಂಥದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ನನಗೆ ಅಕ್ಷರ ಕಲಿಯುವ ಮೊದಲೇ ಗೊತ್ತಾಗಿತ್ತು.

ಹಾಲ್‌ನ ಒಂದು ಗೋಡೆಗೆ ಪಪ್ಪ ಮಮ್ಮಿಯ ಮಂಚ, ಇನ್ನೊಂದು ಗೋಡೆಗೆ ನನ್ನ ಸೋಫಾ, ನಡುವೆ ಬೀರು. ಬೀರುವಿನ ಮೇಲೆ ಏಸುವಿನ ಪಟ, ಪಟದ ಪಕ್ಕದಲ್ಲಿ ‘ಹೊಯಿಗೆ ಇಲೆವೆನ್’ ಎಂಬ ನಮ್ಮವರ ಫುಟ್‌ಬಾಲ್ ತಂಡ ಯಾವುದೋ ವರ್ಷ ಗೆದ್ದ ಒಂದೇ ಒಂದು ಕಪ್. ಸಂಜೆ ತೇರ್ಸ್ ಎಂಬ ಜಪಮಾಲೆಯ ಪ್ರಾರ್ಥನೆ ಮುಗಿಸಿ ಹಿರಿಯರಿಂದ ಬೆಸಾಂವ್, ಅಂದರೆ ಆಶೀರ್ವಾದ, ಕೇಳುವಾಗ ನಾವು ಏಸುವಿಗೂ ಕಪ್ಪಿಗೂ ಒಟ್ಟಿಗೇ ಕೈಮುಗಿದ ಹಾಗೆ ಕಾಣುತ್ತಿತ್ತು. ಓದುವುದಕ್ಕೆ ಹಾಲ್‌ನಲ್ಲಿ ಜಾಗ ಇರಲಿಲ್ಲ. ನಾನು ಓದಿದ್ದು ಅಡುಗೆಕೋಣೆಯ ವಾಷಿಂಗ್ ಮೆಷಿನ್ನಿನ ಮೇಲೆ ಪುಸ್ತಕ ಇಟ್ಟು, ನಿಂತುಕೊಂಡು. ನರ್ಸ್ ಆಂಟಿ ಬಟ್ಟೆ ಹಾಕಿದ ದಿನ ಪುಸ್ತಕ ನಡುಗುತ್ತಿತ್ತು. ಬಟ್ಟೆ ಹಿಂಡುವ ಹೊತ್ತಿಗೆ ಅಕ್ಷರ ಓಡುತ್ತಿತ್ತು. ಇದನ್ನು ಹೇಳಿದರೆ ಈಗ ಕೆಲವರು ‘ಎಷ್ಟು ಚೆಂದದ ನೆನಪು’ ಎನ್ನುತ್ತಾರೆ. ಚೆಂದ ಏನೂ ಇರಲಿಲ್ಲ. ಕಾಲು ನೋಯುತ್ತಿತ್ತು.

ಈಗ ಇಲ್ಲಿ ವಾರದ ರಜೆ ಭಾನುವಾರಕ್ಕೆ ಹೋಗಿದೆ. ಆಗ ಶುಕ್ರವಾರ. ಬೆಳಿಗ್ಗೆ ಮೈದಾನ, ಆಮೇಲೆ ಇಗರ್ಜಿ, ಮಧ್ಯಾಹ್ನ ನಮ್ಮ ಹಾಲ್‌ನಲ್ಲಿ ತಂಡ. ವಾರವಿಡೀ ಆಸ್ಪತ್ರೆಯ ನೆಲ ಒರೆಸಿದ ಮಮ್ಮಿ ಒಂದು ರಜೆಯ ದಿನ ಹತ್ತು ಜನರಿಗೆ ಅಡುಗೆ ಮಾಡುತ್ತಿದ್ದಳು. ನಮ್ಮ ಪೈಕಿಯ ಮನೆಗಳಲ್ಲಿ ಹಬ್ಬಕ್ಕೆ ಹಂದಿ ಮಾಂಸ ಆಗಬೇಕು. ಆದರೆ ತಂಡದ ಗೋಲ್‌ಕೀಪರ್ ಹಮೀದಾಕ ನಮ್ಮಲ್ಲಿ ಉಣ್ಣುವುದರಿಂದ ಶುಕ್ರವಾರ ಆ ಪಾತ್ರೆಗಳನ್ನು ಕೂಡ ಮಮ್ಮಿ ಮುಟ್ಟುತ್ತಿರಲಿಲ್ಲ. ಕೋಳಿ, ರೊಟ್ಟಿ, ಬಂಗುಡೆ ಇದ್ದರೆ ಬಂಗುಡೆ. ನಾವು ಮನೆಯಲ್ಲಿ ಕೊಂಕಣಿ, ಹಮೀದಾಕ ಬ್ಯಾರಿ, ತಂಡದ ಇನ್ನೊಬ್ಬರಾದ ಸದಾಶಿವ ಅಂಕಲ್ ತುಳು. ಹಾಗಾಗಿ ಶುಕ್ರವಾರ ಹಾಲ್‌ನ ಭಾಷೆ ಮಂಗಳೂರು ಕನ್ನಡ. ನಾನು ಕನ್ನಡ ಕಲಿತದ್ದು ಶಾಲೆಯಲ್ಲಲ್ಲ. ಆ ಜಗಳಗಳಲ್ಲಿ.

ಜಗಳದ ವಿಷಯ ವರ್ಷದಲ್ಲಿ ಒಂಬತ್ತು ತಿಂಗಳು ಹಿಂದಿನ ಪಂದ್ಯ, ಉಳಿದ ಮೂರು ತಿಂಗಳು ‘ಪಿಕ್ಕಿಂಗ್’. ಕರಾವಳಿಯವರ ಎಂಟು ತಂಡಗಳು ಸೇರಿ ಚಳಿಗಾಲ ಕಳೆಯುವ ಹೊತ್ತಿಗೆ ಒಂದು ಪಂದ್ಯಾವಳಿ ನಡೆಸುತ್ತಿದ್ದವು. ಮೊದಲೆಲ್ಲ ಊರಿನಿಂದ ಹೊಸದಾಗಿ ಬಂದ ಆಟಗಾರರನ್ನು ವಿಮಾನ ನಿಲ್ದಾಣದಲ್ಲೇ ಎಳೆದಾಡಿಕೊಂಡು ಹೊಡೆದಾಟ ಆಗುತ್ತಿತ್ತಂತೆ. ಅದಕ್ಕಾಗಿ ಒಂದು ಕಟ್ಟಳೆ ಮಾಡಿದರು. ಆ ವರ್ಷ ಬಂದ ಹೊಸಬರ ಹೆಸರೆಲ್ಲ ಒಂದೇ ಪಟ್ಟಿಗೆ ಹೋಗಬೇಕು. ಒಂದು ದಿನ ಕೂತು ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರನ್ನು ಆರಿಸಬೇಕು. ಹಿಂದಿನ ಸಲ ಕೊನೆಗೆ ಬಂದ ತಂಡಕ್ಕೆ ಮೊದಲ ಸರದಿ. ಮೊದಲ ಸುತ್ತಿನಲ್ಲಿ ಯಾರೂ ತಮ್ಮ ಮ್ಯಾನೇಜರನ ಸಂಬಂಧಿಕರನ್ನು ತೆಗೆದುಕೊಳ್ಳುವ ಹಾಗಿಲ್ಲ. ನಮ್ಮ ಮ್ಯಾನೇಜರ್ ವಾಲ್ಟರ್ ಬಾಪ್ಪು. ಬರೆಯುವವಳು ನಾನು.

ಹತ್ತು ವರ್ಷದವಳಿದ್ದಾಗಲೇ ಆ ನೋಟುಬುಕ್ಕು ನನ್ನ ಕೈಗೆ ಬಂತು, ಅಕ್ಷರ ಚೆಂದ ಎಂದು. ಅದರಲ್ಲಿ ಐದು ಕಾಲಂ. ಮೊದಲನೆಯದು ವೀಸಾ, ಎರಡನೆಯದು ರಜೆ, ಮೂರನೆಯದು ಕಾಲು, ನಾಲ್ಕನೆಯದು ದಮ್ಮು, ಐದನೆಯದು ತಲೆ. ಈ ಕ್ರಮ ಬಾಪ್ಪು ಹಾಕಿದ್ದು. ವಿಸಿಟ್ ವೀಸಾದಲ್ಲಿ ಬಂದವನನ್ನು ಆರಿಸಿ, ಅವನು ಮೂರು ತಿಂಗಳಿಗೆ ಊರಿಗೆ ಹೋದರೆ ಸರದಿ ದಂಡ. ಶುಕ್ರವಾರ ರಜೆ ಕೊಡದ ಕಂಪನಿಯವನು ಎಷ್ಟು ಗೋಲು ಹೊಡೆದರೂ ನಮಗೆ ಬೇಡ. ಹೊಸಬ ಆಟ ಆಡುತ್ತಾನೋ ಇಲ್ಲವೋ ಎಂಬ ಪ್ರಶ್ನೆ ಮೂರನೆಯದಾಗಿ ಬರುತ್ತಿತ್ತು, ಅವನಿಗೆ ಬುದ್ಧಿ ಉಂಟೋ ಎನ್ನುವುದು ಕೊನೆಗೆ. ಕರಾಮದ ಪಕ್ಕದ ಸತ್ವಾ ಬಡಾವಣೆಯ ಒಂದು ಮರಳಿನ ಬಯಲಿನಲ್ಲಿ ಹೊಸಬರನ್ನು ಓಡಿಸಿ ನೋಡಿ ಬಂದು, ಉಣ್ಣುತ್ತ ವಾದಿಸುತ್ತಿದ್ದರು.

“ಆ ಕುಲಶೇಖರದ ಹುಡುಗ ಒಳ್ಳೆ ಉಂಟು ಮಾರಾಯ್ರೆ. ಬಾಲ್ ಬರುವ ಮೊದಲೇ ತಿರುಗಿ ನೋಡ್ತಾನೆ,” ಎಂದು ಹಮೀದಾಕ.

“ಅವ ಸೂಪರ್ ಮಾರ್ಕೆಟಲ್ಲಿ ಅಲ್ವಾ? ಶುಕ್ರವಾರ ಅಲ್ಲಿ ರಶ್. ರಜೆ ಮಾಫಿ, ಇಲ್ಲವೇ ಇಲ್ಲ,” ಎಂದು ಸದಾಶಿವ ಅಂಕಲ್.

“ಕೇಳಿ ನೋಡುವ. ಶಿಫ್ಟ್ ಬದ್ಲಿ ಮಾಡ್ತಾರೇನೋ.”

“ನೀನು ಹೋಗಿ ಕ್ಯಾಷಿಗೆ ಕೂತ್ಕೊ, ಆಗ ಬದ್ಲಿ ಮಾಡ್ತಾರೆ.”

“ಲೊರೆನ್ಸಣ್ಣ, ನೀವೆಂತ ಹೇಳ್ತೀರಿ?” ಎಂದು ಯಾರಾದರೂ ಪಪ್ಪನನ್ನು ಕೇಳಿದರೆ ಪಪ್ಪ ರೊಟ್ಟಿ ಮುರಿಯುತ್ತ ಹೇಳುತ್ತಿದ್ದರು:

“ವಾಲ್ಟರ್ ಎಂತ ಹೇಳ್ತಾನೆ?”

ಅವರು ಹೇಳುತ್ತಿದ್ದ ಮಾತು ಅದೊಂದೇ. ನಾನು ಆ ಕುಲಶೇಖರದವನಿಗೆ ತಲೆಯ ಕಾಲಂನಲ್ಲಿ ಹತ್ತಕ್ಕೆ ಒಂಬತ್ತು ಬರೆದಿದ್ದೆ, ಯಾರನ್ನೂ ಕೇಳದೆ. ಬಾಪ್ಪು ಅದನ್ನು ನೋಡಿ ಹೊಡೆದು ಹಾಕಿಸಿದರು. ಅವನನ್ನು ಇನ್ನೊಂದು ತಂಡ ತೆಗೆದುಕೊಂಡಿತು, ಆ ವರ್ಷ ನಮ್ಮ ವಿರುದ್ಧ ಎರಡು ಗೋಲು ಹೊಡೆದ. ನನ್ನ ಎಣಿಕೆ ಯಾವಾಗಲೂ ಸರಿಯಿತ್ತು ಎಂದು ಇಲ್ಲಿ ಸುಳ್ಳು ಬರೆಯುವುದಿಲ್ಲ. ಮರುವರ್ಷ ಒಬ್ಬನಿಗೆ ಎಲ್ಲ ಕಾಲಂಗಳಲ್ಲೂ ಎಂಟು ಒಂಬತ್ತು ಕೊಟ್ಟಿದ್ದೆ, ಕಾರಣ ಅವನ ಕೂದಲು. ಅವನು ಬಾಲನ್ನು ಕಂಡರೆ ಬದಿಗೆ ಸರಿಯುತ್ತಿದ್ದ.

ನನಗೆ ಹದಿಮೂರಾದ ಆ ಶುಕ್ರವಾರ ಪಟ್ಟಿ ಮುಗಿದಿತ್ತು. ಊಟ ಮುಗಿಯುತ್ತ ಬಂದಿತ್ತು. ಶಾಲೆಯಲ್ಲಿ ನನಗೆ ಕ್ಲಾಸಿಗೆ ಮೊದಲ ಸ್ಥಾನ ಬಂದ ವಿಷಯವನ್ನು ಮಮ್ಮಿ ಪದಾರ್ಥ ಬಡಿಸುತ್ತ ಹೇಳಿದಳು. ಅವಳಿಗೆ ಅದನ್ನು ಎಲ್ಲಾದರೂ ಹೇಳಬೇಕಿತ್ತು. ಸದಾಶಿವ ಅಂಕಲ್ ನಗುತ್ತ, “ಹಾಗಾದ್ರೆ ಇವಳನ್ನೂ ಪಟ್ಟಿಗೆ ಹಾಕುವ ವಾಲ್ಟರ್. ಹೊಸ ಪ್ಲೇಯರ್,” ಎಂದರು. ತಮಾಷೆ. ಬಾಪ್ಪು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಕಾಲಂ ಕಾಲಂ ಆಗಿ ನನ್ನನ್ನು ಅಳೆದರು.

“ವೀಸಾ ಉಂಟು, ಅಪ್ಪನದ್ದು. ತಲೆ ಉಂಟು, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಹಿಂದೆ ಯಾರಿದ್ದಾರೆ? ಅಪ್ಪ ಎಂಟನೇ ಫೇಲ್, ಅಮ್ಮ ಐದನೇ. ನಾನು ಹತ್ತರ ತನಕ ಹೋದದ್ದೇ ದೊಡ್ಡದು. ನಮ್ಮ ಮನೆಯಲ್ಲಿ ಡಿಗ್ರಿ ಅಂತ ಹೇಳುದು ಆಗುವ ಹೋಗುವ ಸಂಗತಿ ಅಲ್ಲ. ಹನ್ನೆರಡು ಆದ ಮೇಲೆ ನಮ್ಮ ಸತ್ವಾದ ಟೈಪಿಂಗ್ ಸೆಂಟರಿಗೆ ಹಾಕುವ. ಅಕ್ಷರ ಒಳ್ಳೆದುಂಟು. ಬರಿ ಲವೀನಾ, ಬರಿ. ಲವೀನಾ, ಟೈಪಿಂಗ್.”

ನಾನು ಬರೆದೆ. ಇದನ್ನು ನಾನು ಯಾರಿಗೂ ಹೇಳಿದವಳಲ್ಲ. ಅವರು ಹೇಳಿದ್ದಕ್ಕಿಂತ, ಅವರು ನಕ್ಕದ್ದಕ್ಕಿಂತ, ನಾನು ಪೆನ್ನು ಒತ್ತಿ ಚೆಂದದ ಅಕ್ಷರದಲ್ಲಿ ನನ್ನ ಹೆಸರು ಬರೆದು ಪಕ್ಕದಲ್ಲಿ ‘ಟೈಪಿಂಗ್’ ಎಂದು ಬರೆದದ್ದು ಇವತ್ತಿಗೂ ಹೆಚ್ಚು ಸಿಟ್ಟು ತರುತ್ತದೆ. ಮಮ್ಮಿ ಸೌಟು ಹಿಡಿದು ನಿಂತಿದ್ದಳು. ಪಾತ್ರೆಯಲ್ಲಿ ಇನ್ನೂ ಕೋಳಿ ಇತ್ತು. ಬಾಪ್ಪು ತಟ್ಟೆ ಮುಂದೆ ಮಾಡಿದರು. ಅವಳು ಬಡಿಸದೆ ಒಳಗೆ ಹೋದಳು. ಅಷ್ಟು ಮಾಡಿದ್ದು ಆ ದಿನ ಆ ಹಾಲ್‌ನಲ್ಲಿ ಅವಳೊಬ್ಬಳೇ.

ಹನ್ನೆರಡನೇ ತರಗತಿಯಲ್ಲಿದ್ದಾಗ ನಮ್ಮ ಕಾಮರ್ಸ್ ಟೀಚರ್ ಒಂದು ಅರ್ಜಿ ಕೊಟ್ಟರು. ಊರಾಚೆ ಮರಳಿನ ನಡುವೆ ಹೊಸದಾಗಿ ಎದ್ದ ಕಾಲೇಜೊಂದು ಪರೀಕ್ಷೆ ನಡೆಸಿ, ಮೊದಲು ಬಂದ ಕೆಲವರನ್ನು ಶುಲ್ಕವಿಲ್ಲದೆ ಓದಿಸುತ್ತಿತ್ತು. “ನಿನಗೆ ಸಿಗದಿದ್ದರೆ ಈ ಕ್ಲಾಸಿನಲ್ಲಿ ಯಾರಿಗೂ ಸಿಗುವುದಿಲ್ಲ,” ಎಂದರು ಟೀಚರ್. ಇಂಥ ಮಾತನ್ನು ನನ್ನ ಬಗ್ಗೆ ಯಾರೋ ಹೇಳಿದ್ದು ಅದೇ ಮೊದಲು. ಅರ್ಜಿಯನ್ನು ಪಪ್ಪನ ಮುಂದೆ ಇಟ್ಟೆ. ಅವರು ತಮಗೆ ಓದಲು ಬಾರದ ಇಂಗ್ಲಿಷನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಟೀಚರ್ ಹೇಳಿದ್ದನ್ನು ಎರಡು ಸಲ ನನ್ನಿಂದ ಹೇಳಿಸಿ, ಸಹಿ ಹಾಕಿದರು.

“ಪಾಸಾದ್ರೆ?” ಎಂದು ಮಮ್ಮಿ ಕೇಳಿದಳು. “ವಾಲ್ಟರ್ ಟೈಪಿಂಗಿನವರಿಗೆ ಮಾತು ಕೊಟ್ಟು ಬಂದಿದ್ದಾನಲ್ಲ. ಅವನಿಗೆ ಎಂತ ಹೇಳ್ತೀರಿ?”

“ಪಾಸಾಗ್ಲಿ ಮೊದ್ಲು. ಮತ್ತೆ ನೋಡುವ.”

ಮನೆಯೊಳಗಿನ ಮಾತು ಕೊಂಕಣಿಯಲ್ಲಿ ಆದದ್ದು; ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಪಪ್ಪನ ‘ಮತ್ತೆ ನೋಡುವ’ ಯಾವ ಭಾಷೆಯಲ್ಲೂ ಒಂದೇ. ನಾನು ಮೂರು ತಿಂಗಳು ವಾಷಿಂಗ್ ಮೆಷಿನ್ನಿನ ಮೇಲೆ ಓದಿದೆ. ಪಾಸಾಗುತ್ತೇನೆ ಎಂದು ನನಗೆ ಗೊತ್ತಿತ್ತು. ಆ ವಯಸ್ಸಿನಲ್ಲಿ ಅದು ಮೈಯಲ್ಲೇ ಗೊತ್ತಾಗುತ್ತದೆ.

ಪರೀಕ್ಷೆ ಶುಕ್ರವಾರ ಹನ್ನೊಂದು ಗಂಟೆಗೆ. ಅದೇ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಪಿಕ್ಕಿಂಗ್, ಕರಾಮದ ಒಂದು ಹೋಟೆಲಿನ ಮಾಳಿಗೆಯಲ್ಲಿ. ಹಿಂದಿನ ವರ್ಷ ನಮ್ಮದು ಕೊನೆಯ ಸ್ಥಾನ, ಆದ್ದರಿಂದ ಮೊದಲ ಸರದಿ ನಮ್ಮದು. “ಒಂದು ಹೆಸರು ಓದಿ, ಒಂದು ಬರೆದು, ಹತ್ತು ಗಂಟೆಗೆ ನಾವು ಟ್ಯಾಕ್ಸಿಯಲ್ಲಿ,” ಎಂದರು ಪಪ್ಪ. ಆಗ ಶುಕ್ರವಾರ ಬೆಳಿಗ್ಗೆ ಮೆಟ್ರೋ ಓಡುತ್ತಿರಲಿಲ್ಲ. ಹಾಲ್ ಟಿಕೆಟ್ ಮಡಚಿ ಹೋಗಬಾರದೆಂದು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಅವರೇ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಮಮ್ಮಿ ಡ್ಯೂಟಿಗೆ ಹೋಗಿದ್ದಳು. ಅವಳಿದ್ದಿದ್ದರೆ ಈ ಕಥೆ ಬೇರೆಯೇ ಆಗುತ್ತಿತ್ತು.

ನಾವು ಆರಿಸಬೇಕೆಂದಿದ್ದ ಹೊಸಬ ರೋಶನ್. ಅಲ್ಯೂಮಿನಿಯಂ ಕಿಟಕಿ ಮಾಡುವ ಕಂಪನಿಗೆ ಬಂದವನು. ಎರಡೂ ಕಾಲಿನಲ್ಲಿ ಹೊಡೆಯುತ್ತಿದ್ದ. ಮೂರು ವಾರ ನಮ್ಮ ಹಾಲ್‌ನಲ್ಲಿ ಅವನ ವಿಷಯ ಬಿಟ್ಟು ಬೇರೆ ಮಾತೇ ಇರಲಿಲ್ಲ. ಬಾಪ್ಪು ಅವನ ಹೆಸರು ಹೇಳಿದ ಕೂಡಲೇ ಎದುರಿನ ತಂಡದ ಮ್ಯಾನೇಜರ್ ಎದ್ದರು.

“ಅವ ನಿನ್ನ ಹೆಂಡತಿ ಕಡೆಯವ. ಸಂಬಂಧಿ. ಮೊದಲ ರೌಂಡಲ್ಲಿ ಆಗುದಿಲ್ಲ.”

“ಎಂತ ಸಂಬಂಧಿ? ನನ್ನ ಹೆಂಡತಿಯ ಅಕ್ಕನ ಗಂಡನ ಊರಿನವ ಅವ.”

“ಊರಿನವನಾ, ಮನೆಯವನಾ? ಸರಿ ಹೇಳು.”

“ಹಾಗೆ ನೋಡಿದ್ರೆ ಇಲ್ಲಿ ಕೂತವರೆಲ್ಲ ಸಂಬಂಧಿಕರೇ. ಖಲಾಸ್, ಎಲ್ಲರೂ ಮನೆಗೆ ಹೋಗುವ.”

ಹಾಗೆ ಶುರುವಾದದ್ದು. ನಮ್ಮ ಕರಾವಳಿಯವರನ್ನು ನಾಲ್ಕು ಜನ ಸೇರಿಸಿ ಸಂಬಂಧ ಹುಡುಕಿ ಎಂದರೆ ಊಟ ನೀರು ಬೇಡ. ರೋಶನ್‌ನ ಅಜ್ಜನ ಮನೆಯ ಹೆಸರು ಬಂತು, ಆ ಮನೆಯಿಂದ ಮದುವೆಯಾಗಿ ಹೋದವರ ಹೆಸರು ಬಂತು, ಯಾವ ಇಗರ್ಜಿಯಲ್ಲಿ ಯಾರಿಗೆ ಯಾರು ಜ್ಞಾನಸ್ನಾನದ ಹೊತ್ತಿಗೆ ದೇವಪಿತರಾಗಿ ನಿಂತರು ಎಂಬುದು ಬಂತು. ಸಮಿತಿಯ ಅಧ್ಯಕ್ಷರು ಎಲ್ಲವನ್ನೂ ಕಾಗದದಲ್ಲಿ ಬರೆದು ನೋಡೋಣ ಎಂದರು. ಬರೆಯುವವಳು ಅಲ್ಲೇ ಇದ್ದಳು. ನಾನು ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಎರಡು ವಂಶಗಳ ಗೆರೆ ಎಳೆಯುತ್ತ ಕೂತೆ. ಒಂಬತ್ತೂ ಮುಕ್ಕಾಲಿಗೆ ಪಪ್ಪನ ಕೈ ಮುಟ್ಟಿದೆ.

“ಪಪ್ಪಾ, ಹೋಗುವ.”

“ಒಂದೈದು ನಿಮಿಷ ಬಾಯೆ.”

ಬಾಯೆ ಎಂದರೆ ನಮ್ಮಲ್ಲಿ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವುದು. ಹತ್ತು ಗಂಟೆಗೆ ಮತ್ತೊಮ್ಮೆ ಕೇಳಿದೆ, ಅದೇ ಉತ್ತರ. ಹತ್ತೂ ಹದಿನೈದಕ್ಕೆ ವಾದ ತಣ್ಣಗಾಯಿತು. ಅಧ್ಯಕ್ಷರು ಸಂಬಂಧ ದೂರದ್ದು, ಅಡ್ಡಿಯಿಲ್ಲ ಎನ್ನುವವರಿದ್ದರು. ಆಗ ಪಪ್ಪ ಎದ್ದು ನಿಂತರು. ಹೊರಡಲು ಎಂದುಕೊಂಡು ನಾನೂ ಎದ್ದೆ.

“ಅವನ ಅಜ್ಜಿಯ ತಾಯಿಮನೆ ಯಾವುದು ಅಂತ ಯಾರೂ ಕೇಳ್ಲಿಲ್ಲ,” ಎಂದರು ಪಪ್ಪ.

ಜನ್ಮದಲ್ಲಿ ಆ ಸಭೆಯಲ್ಲಿ ಬಾಯಿ ಬಿಡದ ಮನುಷ್ಯ. ಬಾಪ್ಪು ಕೂಡ ಬೆರಗಾಗಿ ನೋಡಿದರು, ಏಕೆಂದರೆ ಅದು ಅವರಿಗೇ ತೊಂದರೆ ತರುವ ಪ್ರಶ್ನೆ. ಎದುರಿನ ತಂಡದವರಿಗೆ ಹಬ್ಬ. ಮತ್ತೆ ಒಂದು ಮನೆ, ಮತ್ತೆ ಗೆರೆಗಳು. ಊರಿಗೆ ಫೋನ್ ಮಾಡಿ ಯಾರೋ ಮುದುಕಿಯನ್ನು ಕೇಳಿದರು. ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಹನ್ನೊಂದಾಯಿತು. ಹಮೀದಾಕ ಜುಮ್ಮಾ ನಮಾಜಿಗೆ ಎದ್ದಾಗ ಹನ್ನೆರಡಕ್ಕೆ ಹತ್ತಿರ. ಎದ್ದು ಯಾಕೆ ಓಡಲಿಲ್ಲ ಎಂದು ಈಗ ನನ್ನ ಕೈಕೆಳಗೆ ಕೆಲಸ ಮಾಡುವ ಹುಡುಗಿಯರು ಕೇಳುತ್ತಾರೆ. ಹಾಲ್ ಟಿಕೆಟ್ ಪಪ್ಪನ ಕಿಸೆಯಲ್ಲಿತ್ತು. ನಾನು ಒಬ್ಬಳೇ ಟ್ಯಾಕ್ಸಿ ಹತ್ತಿದವಳಲ್ಲ. ಅದಕ್ಕಿಂತ ಹೆಚ್ಚಾಗಿ, ನಾನು ಅವರನ್ನು ನಂಬಿದ್ದೆ. ಅಪ್ಪ ಐದು ನಿಮಿಷ ಎಂದರೆ ಮಕ್ಕಳು ಐದು ನಿಮಿಷ ಎಂದೇ ತಿಳಿಯುತ್ತಾರೆ.

ರೋಶನ್ ನಮಗೇ ಸಿಕ್ಕಿದ. ಬಿರಿಯಾನಿ ಬಂತು. ಪಪ್ಪ ಕಿಸೆ ಮುಟ್ಟಿ ನೋಡಿಕೊಂಡು, “ಅಯ್ಯೋ, ಮರ್ತೇಹೋಯ್ತು,” ಎಂದರು.

ಮಮ್ಮಿ ಸಂಜೆ ಡ್ಯೂಟಿಯಿಂದ ಬಂದವಳು ಚಪ್ಪಲಿ ಕಳಚದೆ ಕೇಳಿದ್ದು, “ಹೇಗಿತ್ತು ಪೇಪರ್?” ಪರೀಕ್ಷೆಗೆ ಹೋಗಲು ಮರೆತದ್ದನ್ನು ಪಪ್ಪ ಹೇಳಿದರು.

“ಮರ್ತದ್ದಾ? ಯಾರ ಅಜ್ಜಿ ಯಾವ ಮನೆಯಿಂದ ಬಂದದ್ದು ಅಂತ ನೆನಪುಂಟು ನಿಮಗೆ. ಇವಳ ಪರೀಕ್ಷೆ ಮರ್ತದ್ದು,” ಎಂದಳು ಮಮ್ಮಿ.

“ಮಾತಿನ ಭರದಲ್ಲಿ ಗೊತ್ತಾಗ್ಲಿಲ್ಲ. ಎಂತ ಮಾಡುದು.”

“ಎಂತ ಮಾಡುದು ಅಂತ ಬರುವ ಶುಕ್ರವಾರ ತೋರಿಸ್ತೇನೆ.”

ತೋರಿಸಿದಳು. ಮುಂದಿನ ಶುಕ್ರವಾರ ಮೈದಾನದಿಂದ ಹಸಿದು ಬಂದ ಗಂಡಸರಿಗೆ ಹಾಲ್‌ನ ನಡುವೆ ಒಂದು ದೊಡ್ಡ ಪಾತ್ರೆ ಗಂಜಿ ಇತ್ತು. ಉಪ್ಪಿನಕಾಯಿ ಕೂಡ ಇಲ್ಲ. ಅಡುಗೆಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ. ನಾವಿಬ್ಬರು ಒಳಗೆ ಕೂತು ಹಂದಿ ಮಾಂಸ, ಇಡ್ಲಿಯಂಥ ಸಾನ್ನ ಉಂಡೆವು. ಬಾಪ್ಪು ಬಾಗಿಲು ಬಡಿದು, “ಅತ್ತಿಗೆ, ಇದೆಂತ ಮರ್ಯಾದೆ?” ಎಂದರು. “ಹೊಸ ಪ್ಲೇಯರ್ ಬಂದಿದ್ದಾನಲ್ಲ, ಅವನ ಹತ್ರ ಮಾಡಿಸಿ,” ಎಂದಳು ಮಮ್ಮಿ. ಅದಾದ ಮೇಲೆ ತಂಡ ಊಟಕ್ಕೆ ನಮ್ಮಲ್ಲಿ ಬರಲಿಲ್ಲ. ಶುಕ್ರವಾರದ ಹಾಲ್ ಖಾಲಿಯಾಯಿತು. ಆ ಖಾಲಿ ಹಾಲ್‌ನಲ್ಲಿ ಪಪ್ಪ ಮಂಚದ ಮೇಲೆ, ನಾನು ಸೋಫಾದ ಮೇಲೆ ಕೂತಿರುತ್ತಿದ್ದೆವು. ಅವರಿಂದ ಬೆಸಾಂವ್ ಕೇಳುವುದನ್ನು ನಾನು ಬಿಟ್ಟುಬಿಟ್ಟೆ.

ರೋಶನ್ ಎರಡು ಪಂದ್ಯ ಆಡಿದ. ಮೂರನೆಯದಕ್ಕೆ ಮುಂಚೆ ಕಂಪನಿ ಅವನನ್ನು ಅಬುಧಾಬಿಯ ಆಚೆಯ ಸೈಟಿಗೆ ಹಾಕಿತು, ಅಲ್ಲಿಂದ ಮೈದಾನಕ್ಕೆ ಬಂದು ಹೋಗುವ ದಾರಿಯೇ ಇಲ್ಲ. ಅವನಿಗೆ ಅದೃಷ್ಟ ಇಲ್ಲ ಎಂದರು ಬಾಪ್ಪು. ಕಂಪನಿಯ ಸೈಟು ಎಲ್ಲೆಲ್ಲಿ ಉಂಟು ಎಂದು ಕೇಳಲು ಅವರ ಐದು ಕಾಲಂಗಳಲ್ಲಿ ಜಾಗ ಇರಲಿಲ್ಲ. ತಮ್ಮ ಎಣಿಕೆ ತಪ್ಪಿದರೆ ಆಟಗಾರನ ಹಣೆಬರಹ, ಸರಿಯಾದರೆ ತಮ್ಮ ಕಣ್ಣು. ಈ ಲೆಕ್ಕದಲ್ಲೇ ಆ ಗಂಡಸರು ಬದುಕಿದರು.

ಜೂನ್ ತಿಂಗಳಲ್ಲಿ ನಾನು ಸತ್ವಾದ ಟೈಪಿಂಗ್ ಸೆಂಟರಿಗೆ ಸೇರಿದೆ. ಬೇರೆಯವರ ವೀಸಾ ಅರ್ಜಿ ತುಂಬುವ ಕೆಲಸ. ಹೆಸರು, ತಾಯಿಯ ಹೆಸರು, ವಿದ್ಯಾರ್ಹತೆ. ವಿದ್ಯಾರ್ಹತೆಯ ಚೌಕದಲ್ಲಿ ದಿನಕ್ಕೆ ನಲವತ್ತು ಸಲ ಯಾರದೋ ‘ಪದವಿ’ ಎಂದು ಒತ್ತುತ್ತಿದ್ದೆ. ಒಂದು ವರ್ಷ ಒತ್ತಿದೆ. ಎರಡನೇ ವರ್ಷ ನನ್ನದೇ ಸಂಬಳದಿಂದ ದೂರಶಿಕ್ಷಣಕ್ಕೆ ಹೆಸರು ಹಾಕಿದೆ, ಮನೆಯಲ್ಲಿ ಮಮ್ಮಿಗೆ ಮಾತ್ರ ಹೇಳಿ. ಮೂರು ವರ್ಷದ್ದು ನನಗೆ ಏಳು ವರ್ಷ ಹಿಡಿಯಿತು. ಸ್ಟ್ಯಾಟಿಸ್ಟಿಕ್ಸಿನಲ್ಲಿ ಎರಡು ಸಲ ಫೇಲಾದೆ, ಕಾಸ್ಟಿಂಗಿನಲ್ಲಿ ಒಂದು ಸಲ. ಪರೀಕ್ಷೆಗೆ ರಜೆ ಕೇಳಿದಾಗ ಸೆಂಟರಿನ ಮಾಲೀಕ, “ನಿನಗೆ ಯಾಕೆ ಡಿಗ್ರಿ, ಟೈಪ್ ಮಾಡ್ಲಿಕ್ಕೆ ಹತ್ತು ಬೆರಳು ಸಾಕು,” ಎಂದ. ಸತ್ವಾದಿಂದ ಕರಾಮಕ್ಕೆ ಬಸ್ಸಿನಲ್ಲಿ ನಿಂತು ಓದಿದೆ. ನಿಂತು ಓದುವುದು ನನಗೆ ಹೊಸದಾಗಿರಲಿಲ್ಲ. ಯಾರೂ ನನ್ನನ್ನು ಆರಿಸಲಿಲ್ಲ, ಯಾವ ಸರದಿಯಲ್ಲೂ. ನಾನೇ ಆರಿಸಿಕೊಂಡೆ ಎಂದು ಹೇಳಿಕೊಳ್ಳುವುದರಲ್ಲಿ ಹೆಮ್ಮೆಯಿದೆ, ಆದರೆ ಏಳು ವರ್ಷ ಒಬ್ಬಳೇ ಆಡುವುದು ಆಟವಲ್ಲ.

ಕೊನೆಯ ಫಲಿತಾಂಶ ಬಂದಾಗ ವಾಲ್ಟರ್ ಬಾಪ್ಪು ನಿವೃತ್ತರಾಗಿ ಮಂಗಳೂರಿಗೆ ಹೋಗಿದ್ದರು. ಮಮ್ಮಿ ಫೋನಿನಲ್ಲಿ ಹೇಳಿದಳು, ಸ್ಪೀಕರ್ ಹಾಕಿ, ನನಗೆ ಕೇಳುವ ಹಾಗೆ.

“ಪೋಸ್ಟಲ್ಲಿ ಕಲ್ತದ್ದಲ್ವಾ?” ಎಂದರು ಬಾಪ್ಪು. “ಹಾಂ, ಒಳ್ಳೆದು. ಅದಕ್ಕೆಲ್ಲ ಅಷ್ಟು ಬೆಲೆ ಇಲ್ಲ ಈಗ.”

ಫೋನು ನನ್ನ ಕೈಯಲ್ಲಿದ್ದಿದ್ದರೆ ಆ ದಿನ ಏನು ಹೇಳುತ್ತಿದ್ದೆನೋ. ಮಮ್ಮಿ ಫೋನ್ ಇಟ್ಟು, “ಅವನಿಗೆ ಎರಡೂ ಕಾಲಲ್ಲಿ ಗಂಟು ನೋವಂತೆ,” ಎಂದಳು. ಅವಳ ಮುಖದಲ್ಲಿ ಕರುಣೆ ಏನೂ ಇರಲಿಲ್ಲ.

ಪದವಿಪತ್ರ ಕೊಡುವ ಸಮಾರಂಭ ಅಬುಧಾಬಿಯಲ್ಲಿ, ಬಾಡಿಗೆಗೆ ಹಿಡಿದ ಒಂದು ಸಭಾಂಗಣದಲ್ಲಿ. ಮೂವರೂ ಬೆಳಿಗ್ಗೆ ಬರ್ ದುಬೈಯಿಂದ ಬಸ್ಸು ಹತ್ತಿದೆವು. ಪಪ್ಪ ಲಾಂಡ್ರಿಯಲ್ಲಿ ತಾವೇ ಇಸ್ತ್ರಿ ಮಾಡಿ ತಂದ ಬಿಳಿ ಅಂಗಿ ಹಾಕಿದ್ದರು. ಅಷ್ಟು ವರ್ಷಗಳಲ್ಲಿ ಪಪ್ಪನಿಗೂ ನನಗೂ ನಡುವೆ ಅಗತ್ಯಕ್ಕೆ ಬೇಕಾದಷ್ಟೇ ಮಾತು ಇತ್ತು: ನೀರು ಬಂತಾ, ಬೀಗ ಹಾಕಿದೆಯಾ. ಮರೆವಿನ ಮನುಷ್ಯ, ಪಾಪ, ತಮ್ಮನ ಮುಂದೆ ಬಾಯಿಯಿಲ್ಲದವರು ಎಂದುಕೊಂಡು ಅವರ ಮೇಲಿನ ಸಿಟ್ಟನ್ನು ನಾನು ಒಂದು ಮೂಲೆಗೆ ಸರಿಸಿಟ್ಟಿದ್ದೆ. ಬಾಪ್ಪುವಿನ ಮೇಲಿನದ್ದನ್ನು ಮಾತ್ರ ದಿನಾ ಉಜ್ಜಿ ಬೆಳಗುತ್ತಿದ್ದೆ.

ಹೆಸರು ಕರೆದರು. ಹೋದೆ, ಕೈ ಕುಲುಕಿದರು, ನೀಲಿ ಫೋಲ್ಡರ್ ಕೊಟ್ಟರು. ಕೆಳಗೆ ಬಂದಾಗ ಮಮ್ಮಿ ಅಳುತ್ತಿದ್ದಳು. ಫೋಲ್ಡರನ್ನು ಎದೆಗೆ ಒತ್ತಿ ಹಿಡಿದು, ವಾಪಸ್ಸು ಕೊಟ್ಟು, ಮುಖ ತೊಳೆಯಲು ಹೋದಳು. ಪಪ್ಪ ಎರಡೂ ಕೈ ಒರೆಸಿಕೊಂಡು ಮುಂದೆ ಚಾಚಿದರು. ಕೊಟ್ಟೆ. ಅವರು ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಇಂಗ್ಲಿಷಿನಲ್ಲಿ ನನ್ನ ಹೆಸರು ಯಾವುದು ಎಂದು ಕೇಳಿ, ಅದರ ಮೇಲೆ ಬೆರಳಿಟ್ಟರು. ವೇದಿಕೆಯಲ್ಲಿ ಬೇರೆ ಹೆಸರುಗಳನ್ನು ಕರೆಯುತ್ತಲೇ ಇದ್ದರು. ಆಮೇಲೆ, ಬೆರಳು ತೆಗೆಯದೆ, ನನ್ನ ಮುಖ ನೋಡದೆ ಹೇಳಿದರು:

“ಪರೀಕ್ಷೆಯ ದಿನ ನಾನು ಮರ್ತದ್ದಲ್ಲ ಬಾಯೆ. ನೀನು ಪಾಸಾಗ್ತಿ ಅಂತ ಗೊತ್ತಿತ್ತು ನಂಗೆ. ಪಾಸಾದ್ರೆ ವಾಲ್ಟರಿಗೆ ಎಂತ ಹೇಳುದು? ಅದಕ್ಕೇ ಹೊರಡ್ಲಿಲ್ಲ.”